ಪಿಎಚ್ ಮೀಟರು ಮತ್ತು ಉಷ್ಣಾಂಶದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಪಿಎಚ್ ಅಂದರೆ ದ್ರಾವಣ ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದರ ಅಳತೆ. ಪಿಎಚ್ ಸುಲಭಕ್ಕೆ ಬದಲಾಗದ ದ್ರಾವಣ ಬಫರ್; ಪಿಎಚ್ ಮೊದಲೇ ಗೊತ್ತಿರುವ ಬಫರುಗಳಿಂದ ಮೀಟರನ್ನು ಹೊಂದಿಸುತ್ತಾರೆ. ಬೋರಾಕ್ಸ್ ಬಫರ್ ಬಾಟಲಿಯ ಮೇಲೆ ಪಿಎಚ್ 9.18 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಪಕ್ಕದಲ್ಲೇ, ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ, 25 ಡಿಗ್ರಿ ಸೆಲ್ಸಿಯಸ್ ಎಂದೂ ಇರುತ್ತದೆ. ಅದೇ ದ್ರಾವಣ 10 ಡಿಗ್ರಿಯಲ್ಲಿ 9.33, 20ರಲ್ಲಿ 9.22, 30ರಲ್ಲಿ 9.14. ಕೋಣೆ 20 ಡಿಗ್ರಿ ಇರುವಾಗ ಮೀಟರನ್ನು 9.18ಕ್ಕೆ ಕೂರಿಸಿದರೆ 0.04ರಷ್ಟು ತಪ್ಪನ್ನು ನಾವೇ ಕೈಯಾರೆ ತುಂಬಿದ ಹಾಗೆ. ಫಾಸ್ಫೇಟ್ ಬಫರ್ ಇಷ್ಟು ತುಂಟ ಅಲ್ಲ: 25ರಲ್ಲಿ 6.86, 10ರಲ್ಲಿ 6.92. ಥ್ಯಾಲೇಟ್ ಬಫರಂತೂ ಕೋಣೆಯ ಉಷ್ಣಾಂಶದಲ್ಲಿ 4.00, 4.01ರ ಆಸುಪಾಸು ಬಿಟ್ಟು ಕದಲುವುದಿಲ್ಲ. ಬಾಟಲಿಯ ಹಿಂಬದಿಯಲ್ಲಿ ಉಷ್ಣಾಂಶದ ಪಟ್ಟಿ ಇರುತ್ತದೆ. ಮೀಟರಿಗೆ ಕೊಡಬೇಕಾದದ್ದು ಆ ಪಟ್ಟಿಯ ಅಂಕಿ.

ಇದು ಬಫರಿನ ಮಾತಾಯಿತು. ದ್ರಾವಣಕ್ಕೆ ಅದ್ದುವ ಕಡ್ಡಿ, ಅಂದರೆ ಎಲೆಕ್ಟ್ರೋಡಿನದು ಬೇರೆ. ಅದರ ತುದಿಯ ಗಾಜಿನ ಬುರುಡೆ ಕೊಡುವುದು ಪಿಎಚ್ ಅಲ್ಲ, ಮಿಲಿವೋಲ್ಟ್. ಪಿಎಚ್ 7ರಲ್ಲಿ ಸುಮಾರು ಸೊನ್ನೆ. ಅಲ್ಲಿಂದ ಒಂದೊಂದು ಅಂಕ ಸರಿದಂತೆ 25 ಡಿಗ್ರಿಯಲ್ಲಿ 59.16 ಮಿಲಿವೋಲ್ಟ್, 35 ಡಿಗ್ರಿಯಲ್ಲಾದರೆ 61.14. ಇದಕ್ಕೆ ಸ್ಲೋಪ್ ಎನ್ನುತ್ತಾರೆ. 25 ಡಿಗ್ರಿಯಲ್ಲಿ ಹೊಂದಿಸಿದ ಮೀಟರಿಗೆ ಉಷ್ಣಾಂಶ ತಿಳಿಸದೆ, 35 ಡಿಗ್ರಿಯ, ಪಿಎಚ್ 4ರ ದ್ರಾವಣದಲ್ಲಿ ಅದ್ದಿದರೆ ಅದು 3.90 ತೋರಿಸುತ್ತದೆ. ಪಿಎಚ್ 7ರ ದ್ರಾವಣವಾಗಿದ್ದರೆ ತಪ್ಪು ಗೊತ್ತೇ ಆಗುವುದಿಲ್ಲ. 7ರಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ.

ಎಟಿಸಿ, ಅಂದರೆ ಉಷ್ಣಾಂಶವನ್ನು ತಾನೇ ಸರಿದೂಗಿಸುವ ವ್ಯವಸ್ಥೆ, ತಿದ್ದುವುದು ಈ ಸ್ಲೋಪನ್ನು ಮಾತ್ರ. ಬಿಸಿಯಾದ ದ್ರಾವಣದ ಪಿಎಚ್ ನಿಜಕ್ಕೂ ಬದಲಾಗಿದ್ದರೆ, ಅದನ್ನು 25 ಡಿಗ್ರಿಯ ಲೆಕ್ಕಕ್ಕೆ ತಂದುಕೊಡುವುದು ಅದರ ಕೆಲಸವೇ ಅಲ್ಲ. ಶುದ್ಧ ನೀರು 25 ಡಿಗ್ರಿಯಲ್ಲಿ 7.00, 50ರಲ್ಲಿ 6.63, ಹಾಗೆಂದು ನೀರು ಹುಳಿಯಾಗಿಲ್ಲ, ತಟಸ್ಥ ಬಿಂದುವೇ ಕೆಳಗಿಳಿದಿದೆ. ಜೀವರಸಾಯನದ ಪ್ರಯೋಗಗಳಲ್ಲಿ ಬಳಸುವ ಟ್ರಿಸ್ ಬಫರ್ ಇನ್ನೂ ಮೋಸಗಾರ: ಉಷ್ಣಾಂಶ ಏರಿದ ಪ್ರತಿ ಡಿಗ್ರಿಗೆ ಸುಮಾರು 0.028 ಕೆಳಗೆ ಜಾರುತ್ತದೆ. 25 ಡಿಗ್ರಿಯಲ್ಲಿ 7.4ಕ್ಕೆ ಹೊಂದಿಸಿ 4 ಡಿಗ್ರಿಯ ಶೀತಕೋಣೆಗೆ ಒಯ್ದರೆ ಅದು 8.0ರ ಹತ್ತಿರ ನಿಂತಿರುತ್ತದೆ. ಉಷ್ಣಾಂಶ ಬರೆಯದ ಪಿಎಚ್ ಅಂಕಿ ಅರ್ಧ ಅಂಕಿ.

ಇನ್ನು ಕ್ಯಾಲಿಬ್ರೇಷನ್, ಅಂದರೆ ಬಫರುಗಳಿಗೆ ಮೀಟರನ್ನು ಹೊಂದಿಸುವ ಕೆಲಸ. ಬಫರುಗಳೂ ಅಳೆಯಬೇಕಾದ ಮಾದರಿಯೂ ಒಂದೇ ಉಷ್ಣಾಂಶಕ್ಕೆ ಬರಲಿ. ಫ್ರಿಜ್ಜಿನಿಂದ ತೆಗೆದ ಬಾಟಲಿಗೆ ನೇರವಾಗಿ ಅದ್ದಬೇಡಿ. ಎಲೆಕ್ಟ್ರೋಡಿನ ಪಕ್ಕದ ತುಂಬುರಂಧ್ರದ ಮುಚ್ಚಳ ತೆಗೆಯಿರಿ. ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ಮಟ್ಟ ಹೊರಗಿನ ದ್ರಾವಣಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಮಾದರಿಯೇ ಒಳಗೆ ನುಗ್ಗುತ್ತದೆ. ಸಣ್ಣ ಬೀಕರಿಗೆ ಬುರುಡೆಯೂ, ಒಳಗಿನ ದ್ರಾವಣ ಹೊರಗಿನದನ್ನು ಸಂಧಿಸುವ ಸಣ್ಣ ರಂಧ್ರವಾದ ಜಂಕ್ಷನ್ನೂ ಮುಳುಗುವಷ್ಟು ಬಫರ್ ಸುರಿಯಿರಿ, ಉಷ್ಣಾಂಶದ ಪ್ರೋಬನ್ನೂ ಜೊತೆಗೇ ಇಳಿಸಿ. ಮೊದಲು 6.86 ಅಥವಾ 7, ಆಮೇಲೆ 4 ಇಲ್ಲವೇ 9.18. ಮಾದರಿ ಈ ಎರಡರ ನಡುವೆ ಬೀಳಬೇಕು. ನಡುನಡುವೆ ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಮೆತ್ತನೆಯ ಕಾಗದದಿಂದ ಒತ್ತಿ ತೇವ ತೆಗೆಯಿರಿ. ಉಜ್ಜಿದರೆ ಗಾಜಿನ ಮೇಲೆ ಸ್ಥಿರವಿದ್ಯುತ್ ಕೂತು ಅಂಕಿ ಅಲೆದಾಡುತ್ತದೆ. ಅವಸರ ಬೇಡ: ತಣ್ಣಗಿದ್ದಷ್ಟೂ ಗಾಜಿನ ರೋಧ ಏರುತ್ತದೆ, ಅಂಕಿ ನಿಲ್ಲಲು ತಡವಾಗುತ್ತದೆ. ಬಳಸಿದ ಬಫರನ್ನು ಚೆಲ್ಲಿಬಿಡಿ, ಬಾಟಲಿಗೆ ವಾಪಸು ಸುರಿಯಬೇಡಿ. ಕ್ಷಾರೀಯ ಬಫರ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತಾನಾಗಿಯೇ ಇಳಿಯುತ್ತದೆ.

ಮೀಟರು ಕೊನೆಗೆ ಸ್ಲೋಪನ್ನು, ಲೆಕ್ಕದ ಪ್ರಕಾರ ಇರಬೇಕಾದದ್ದರ ಶೇಕಡಾವಾರು ಆಗಿ ತೋರಿಸುತ್ತದೆ. 95ರಿಂದ 102 ಇದ್ದರೆ ನೆಮ್ಮದಿ. 90ಕ್ಕಿಂತ ಕೆಳಗಿಳಿದರೆ ಎಲೆಕ್ಟ್ರೋಡನ್ನು ಬೈಯುವ ಮೊದಲು ಬಫರ್ ಹೊಸದಾ ನೋಡಿ. ಅದೂ ಸರಿಯಿದ್ದರೆ ಬುರುಡೆಯನ್ನು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹದಿನೈದು ನಿಮಿಷ ನೆನೆಸಿ, ತೊಳೆದು, 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಒಂದಷ್ಟು ಹೊತ್ತು ಇಟ್ಟು ಮತ್ತೆ ಪ್ರಯತ್ನಿಸಿ. ಎತ್ತಿಡುವುದೂ ಅದರಲ್ಲೇ, ಭಟ್ಟಿ ಇಳಿಸಿದ ನೀರಿನಲ್ಲಿ ಖಂಡಿತ ಬೇಡ.

ಯಾವ ಬಫರಿಗೆ ಅದ್ದಿದರೂ 7ರ ಹತ್ತಿರವೇ ಅಂಟಿಕೊಂಡಿದೆಯೇ? ಬುರುಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ. ಕೂದಲೆಳೆಯಂಥ ಬಿರುಕು ಕಂಡರೆ ಆ ಎಲೆಕ್ಟ್ರೋಡು ಮುಗಿಯಿತು. ಬಿರುಕಿಲ್ಲದಿದ್ದರೆ ಕೇಬಲ್ಲಿನ ತುದಿಯ ಕನೆಕ್ಟರ್ ಬಿಚ್ಚಿ ನೋಡಿ, ಅಂಕಿ ಹೀಗೆ 7ಕ್ಕೆ ಅಂಟಿಕೊಳ್ಳಲು ಅಲ್ಲಿ ಒಂದು ಹನಿ ತೇವ ಸಾಕು.