90 ಸೆಕೆಂಡ್ ಆದಮೇಲೆ

ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಒಂದು ಎನ್‌ಜಿಒಗೆ ಮಾತಾಡಲು ಸಾಮಾನ್ಯವಾಗಿ ಸಿಗುವುದು 90 ಸೆಕೆಂಡ್. ಸಮಯ ಮುಗಿದರೆ ಮೈಕ್ ಬಂದ್. ಮಾತು ಅರ್ಧದಲ್ಲಿದ್ದರೂ ಬಂದ್.

ನಮಸ್ಕಾರ. ಕೆಲವು ಕಾಲ ಆ 90 ಸೆಕೆಂಡಿನ ಹೇಳಿಕೆ ಬರೆಯುವುದೇ ನನ್ನ ಕೆಲಸವಾಗಿತ್ತು. ಅದರಲ್ಲಿ ಒಂದನ್ನು ಇವತ್ತಿಗೂ ಮರೆಯಲು ಆಗಿಲ್ಲ.

ಒಬ್ಬ ತಾಯಿ. ಅವರ ಮಗನನ್ನು ಪೊಲೀಸರು ಮನೆಯಿಂದ ಕರೆದುಕೊಂಡು ಹೋದರು, ಮತ್ತೆ ಅವನು ಬರಲಿಲ್ಲ. ದುಭಾಷಿಯ ಮೂಲಕ ಫೋನಿನಲ್ಲಿ ಎರಡು ಗಂಟೆ ಮಾತಾಡಿದರು. ಅವತ್ತು ಅವನು ಹಾಕಿಕೊಂಡಿದ್ದ ಸ್ವೆಟರ್ ಬಗ್ಗೆ ನಾಲ್ಕು ಸಲ ಹೇಳಿದರು. ಹಸಿರು ಬಣ್ಣ, ಒಂದು ತೋಳಿನಲ್ಲಿ ಮಾತ್ರ ನೀಲಿ ನೂಲಿನ ಹೊಲಿಗೆ. ಹರಿದಿದ್ದನ್ನು ಅವರೇ ಹೊಲಿದಿದ್ದರು. ಯಾರಾದರೂ ನೋಡಿದ್ದರೆ ಆ ಹೊಲಿಗೆ ನೆನಪಿರುತ್ತದೆ ಅನ್ನೋದು ಅವರ ಆಸೆ.

ಹೇಳಿಕೆ ಉದ್ದವಾಯಿತು. ಏನೋ ಒಂದನ್ನು ತೆಗೆಯಲೇಬೇಕಿತ್ತು. ನಾವು ಸ್ವೆಟರ್ ತೆಗೆದು, ಮಾನವ ಹಕ್ಕುಗಳ ಒಪ್ಪಂದದ ಕಲಂ ಸಂಖ್ಯೆ ಉಳಿಸಿಕೊಂಡೆವು. ಹೇಳಿಕೆ ಚೆನ್ನಾಗಿ ಬಂತು ಅಂತ ಎಲ್ಲರೂ ಮೆಚ್ಚಿದರು. ಎಂಟು ತಿಂಗಳಾದ ಮೇಲೆ ದುಭಾಷಿ ಫೋನ್ ಮಾಡಿ, ‘ಸ್ವೆಟರ್ ವಿಷಯ ಅಲ್ಲಿ ಹೇಳಿದಿರಾ ಅಂತ ಅವರು ಕೇಳ್ತಿದ್ದಾರೆ’ ಅಂದರು. ಅಷ್ಟು ದಿನ ನಮ್ಮಲ್ಲಿ ಒಬ್ಬರೂ ಆ ತಾಯಿಗೆ ಫೋನ್ ಮಾಡಿರಲಿಲ್ಲ.

ನನ್ನ ವಾದ ಹುಟ್ಟಿದ್ದು ಅಲ್ಲಿಂದ. ಅಂತರರಾಷ್ಟ್ರೀಯ ಅಡ್ವೊಕೆಸಿ, ಅಂದರೆ ನೊಂದವರ ಪರವಾಗಿ ಇಂಥ ವೇದಿಕೆಗಳಲ್ಲಿ ದನಿ ಎತ್ತುವ ಕೆಲಸ, ಅದರ ಮುಖ್ಯಸ್ಥರನ್ನು ನೇಮಿಸುವಾಗ ಸಂಸ್ಥೆಗಳು ಏನು ನೋಡುತ್ತವೆ? ರಾಯಭಾರಿಗಳ ಪರಿಚಯ ಇದೆಯಾ, ವಿಶ್ವಸಂಸ್ಥೆಯ ಒಳದಾರಿ ಗೊತ್ತಾ, ಚೆನ್ನಾಗಿ ಮಾತಾಡ್ತಾರಾ? ಇವೆಲ್ಲ ಬೇಕು, ಬೇಡ ಅನ್ನೋದಿಲ್ಲ. ಆದರೆ ಸಭಾಂಗಣಕ್ಕೆ ಉತ್ತರ ಕೊಡೋದು ಈ ಕೆಲಸದ ಸಣ್ಣ ಪಾಲು. ಯಾರ ಮಾತನ್ನು ಹೊತ್ತುಕೊಂಡು ಹೋದರೋ ಅವರಿಗೆ ವಾಪಸ್ ಬಂದು ಲೆಕ್ಕ ಒಪ್ಪಿಸೋದು ದೊಡ್ಡ ಪಾಲು. ಆ ಪಾಲನ್ನು ಮಾಡದವರು ಎಷ್ಟೇ ಜಾಣರಾಗಿರಲಿ, ಆ ಕುರ್ಚಿಗೆ ಸರಿಯಾದವರಲ್ಲ.

ಆ ತಾಯಿಯ ವಿಷಯಕ್ಕೇ ಬನ್ನಿ. ಜನರನ್ನು ಬಲವಂತವಾಗಿ ಕಣ್ಮರೆ ಮಾಡುವ ಪ್ರಕರಣಗಳಿಗಾಗಿ ವಿಶ್ವಸಂಸ್ಥೆಯಲ್ಲಿ 1980ರಿಂದ ಒಂದು ಕಾರ್ಯತಂಡ ಇದೆ. ಐವರು ತಜ್ಞರು ಇರುತ್ತಾರೆ. ಕುಟುಂಬದವರು ಒಪ್ಪಿದರೆ ಅವರ ಪರವಾಗಿ ಸಂಸ್ಥೆಯೊಂದು ಅರ್ಜಿ ಕಳಿಸಬಹುದು. ತಂಡ ಅದನ್ನು ಸರ್ಕಾರಕ್ಕೆ ಕಳಿಸಿ, ‘ಈ ವ್ಯಕ್ತಿ ಎಲ್ಲಿ?’ ಅಂತ ಕೇಳುತ್ತದೆ. ಕಣ್ಮರೆಯಾಗಿ ಮೂರು ತಿಂಗಳೊಳಗಿನ ಪ್ರಕರಣವಾದರೆ ತುರ್ತು ವಿಧಾನವೂ ಇದೆ. ಆ ವ್ಯಕ್ತಿಗೆ ಏನಾಯಿತು ಅಂತ ಗೊತ್ತಾಗುವವರೆಗೆ ಕಡತ ತೆರೆದೇ ಇರಬಹುದು, ಹತ್ತಾರು ವರ್ಷವಾದರೂ ಸರಿ. ಸರ್ಕಾರ ಏನಾದರೂ ಉತ್ತರ ಕೊಟ್ಟರೆ ಅದು ನಿಜವಾ ಅಂತ ಮನೆಯವರನ್ನು ಕೇಳಬೇಕು. ಹೊಸ ಸಾಕ್ಷಿ ಸಿಕ್ಕರೆ ಸೇರಿಸಬೇಕು. ಈ ಕೆಲಸಕ್ಕೆ ಮೈಕ್ ಇಲ್ಲ, ಫೋಟೊ ಇಲ್ಲ, ಚಪ್ಪಾಳೆ ಇಲ್ಲ. ಹಸಿರು ಸ್ವೆಟರಿಗೆ ಸರಿಯಾದ ಜಾಗ ಇದ್ದಿದ್ದು ಆ ಅರ್ಜಿಯಲ್ಲಿ. ನಮಗೆ ಆಗ ಅದು ಹೊಳೆಯಲೇ ಇಲ್ಲ. ಎಲ್ಲರ ಗಮನ 90 ಸೆಕೆಂಡಿನ ಮೇಲಿತ್ತು.

ಇನ್ನೊಂದು ಮಾತು. ಇದನ್ನು ಹೇಳುವಾಗ ನನಗೆ ಸಂಕಟ ಆಗುತ್ತದೆ. ಚೀನಾದ ಹೋರಾಟಗಾರ್ತಿ ಚಾವ್ ಶುನ್‌ಲಿ 2013ರ ಸೆಪ್ಟೆಂಬರ್‌ನಲ್ಲಿ ತರಬೇತಿಗಾಗಿ ಜಿನೀವಾಕ್ಕೆ ಹೊರಟಿದ್ದರು. ಬೀಜಿಂಗ್ ವಿಮಾನ ನಿಲ್ದಾಣದಲ್ಲೇ ಅವರನ್ನು ಹಿಡಿದರು. ಬಂಧನದಲ್ಲಿ ಆರೋಗ್ಯ ಹದಗೆಟ್ಟಿತು. 2014ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರಿಗಾಗಿ ಮಂಡಳಿಯಲ್ಲಿ ಒಂದು ನಿಮಿಷ ಮೌನ ಆಚರಿಸೋಣ ಅಂತ ಎನ್‌ಜಿಒಗಳು ಕೇಳಿದವು. ಚೀನಾ ಆಕ್ಷೇಪ ಎತ್ತಿತು. ಸುಮ್ಮನಿರಲು ಅವಕಾಶ ಕೊಡಬೇಕಾ ಬೇಡವಾ ಅಂತ ಚರ್ಚೆ ಎಳೆದಾಡಿತು.

ವಿಶ್ವಸಂಸ್ಥೆಗೆ ಸಹಕರಿಸಿದ್ದಕ್ಕೆ ಜನರ ಮೇಲೆ ಸೇಡು ತೀರಿಸಿಕೊಳ್ಳುವುದರ ಬಗ್ಗೆ ಪ್ರಧಾನ ಕಾರ್ಯದರ್ಶಿ ಪ್ರತಿ ವರ್ಷ ವರದಿ ಕೊಡುತ್ತಾರೆ. ಅಂದರೆ ಇದು ಅಪರೂಪದ ಸಂಗತಿ ಅಲ್ಲ. ಹಾಗಿದ್ದಮೇಲೆ, ‘ನಿಮ್ಮ ಹೆಸರು ಹೇಳಬಹುದಾ?’ ಅಂತ ಒಂದೇ ಸಲ ಕೇಳಿ ಸಹಿ ಹಾಕಿಸಿಕೊಂಡರೆ ಸಾಕಾ? ಮೂರು ತಿಂಗಳ ಹಿಂದೆ ಹೂಂ ಅಂದವರ ಪರಿಸ್ಥಿತಿ ಇವತ್ತು ಬೇರೆ ಇರಬಹುದು. ಅಧಿವೇಶನದ ಹಿಂದಿನ ರಾತ್ರಿ ಮತ್ತೆ ಕೇಳಬೇಕು. ಬೇಡ ಅಂದರೆ ಅಚ್ಚಾದ ಹೇಳಿಕೆಯನ್ನೂ ಹರಿದು ಹಾಕಬೇಕು. ‘ಇಷ್ಟು ದೂರ ಬಂದಿದ್ದೇವಲ್ಲ’ ಅನ್ನುವ ಮುಖ್ಯಸ್ಥರನ್ನು ನಾನು ನೋಡಿದ್ದೇನೆ. ಆ ಮಾತು ತಪ್ಪು. ದೂರ ಬಂದಿರೋದು ನಾವು, ಊರಿನಲ್ಲಿ ಉಳಿದಿರೋದು ಅವರು.

ಸಂಸ್ಥೆಗಳ ಕಷ್ಟವೂ ನನಗೆ ಗೊತ್ತು. ಮಂಡಳಿಯಲ್ಲಿ ಮಾತಾಡಬೇಕು ಅಂದರೆ ವಿಶ್ವಸಂಸ್ಥೆಯ ಸಲಹಾ ಸ್ಥಾನಮಾನ ಬೇಕು. ಅದನ್ನು ಶಿಫಾರಸು ಮಾಡೋದು 19 ದೇಶಗಳ ಸಮಿತಿ, ಅಂದರೆ ಸರ್ಕಾರಗಳೇ. ಅಂತರರಾಷ್ಟ್ರೀಯ ದಲಿತ ಐಕ್ಯತಾ ಜಾಲದ ಅರ್ಜಿಯನ್ನು ಸುಮಾರು 15 ವರ್ಷ ಮುಂದೂಡುತ್ತಲೇ ಬಂದರು. ಒಪ್ಪಿಗೆ ಸಿಕ್ಕಿದ್ದು 2022ರ ಡಿಸೆಂಬರ್‌ನಲ್ಲಿ. ಇನ್ನು ದುಡ್ಡು. ದಾನಿಗಳು ಒಂದೋ ಎರಡೋ ವರ್ಷಕ್ಕೆ ಕೊಡುತ್ತಾರೆ. ಒಂದು ದೇಶದ ಹಕ್ಕುಗಳ ಸ್ಥಿತಿಯನ್ನು ಬೇರೆ ದೇಶಗಳು ಮಂಡಳಿಯಲ್ಲಿ ನೋಡುವ ಯುಪಿಆರ್ ಪರಿಶೀಲನೆಗೆ ಸುಮಾರು ನಾಲ್ಕೂವರೆ ವರ್ಷಕ್ಕೊಮ್ಮೆ ಸರದಿ ಬರುತ್ತದೆ. ಸರದಿ ಬರುವ ಹೊತ್ತಿಗೆ ಯೋಜನೆ ಮುಗಿದಿರುತ್ತದೆ, ಕೆಲಸ ಮಾಡಿದ ಹುಡುಗರು ಬೇರೆ ಕಡೆ ಹೋಗಿರುತ್ತಾರೆ. ಈ ಅಂತರ ತುಂಬಿಸಲು ದಾನಿಗಳ ಜೊತೆ ಜಗಳ ಆಡಬೇಕಾದವರು ಯಾರು? ಆ ಮುಖ್ಯಸ್ಥರೇ ಅಲ್ವಾ?

ಬೇರೆ ರೀತಿ ಮಾಡಿದವರೂ ಇದ್ದಾರೆ. ನೆಲಬಾಂಬ್ ನಿಷೇಧದ ಅಂತರರಾಷ್ಟ್ರೀಯ ಆಂದೋಲನ 1992ರಲ್ಲಿ ಆರು ಸಂಸ್ಥೆಗಳಿಂದ ಶುರುವಾಯಿತು. ಐದೇ ವರ್ಷಕ್ಕೆ ಒಟ್ಟಾವಾದಲ್ಲಿ 122 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಅದೇ 1997ರಲ್ಲಿ ಆಂದೋಲನಕ್ಕೂ ಅದರ ಸಂಯೋಜಕಿ ಜೋಡಿ ವಿಲಿಯಮ್ಸ್ ಅವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಓಸ್ಲೋದಲ್ಲಿ ಆಂದೋಲನದ ಪರವಾಗಿ ಅದನ್ನು ಪಡೆದವರು ಕಾಂಬೋಡಿಯಾದ ತುನ್ ಚನ್ನರೆತ್. ನೆಲಬಾಂಬ್ ಸಿಡಿದು ಎರಡೂ ಕಾಲು ಕಳೆದುಕೊಂಡವರು. ತಮ್ಮಂಥವರಿಗೆ ಗಾಲಿಕುರ್ಚಿ ತಯಾರಿಸುವವರು. ಸೂಟು ಹಾಕಿಕೊಂಡ ಯಾವ ನಿರ್ದೇಶಕರು ಬೇಕಾದರೂ ಆ ಜಾಗದಲ್ಲಿ ನಿಲ್ಲಬಹುದಿತ್ತು.

ಈಗ ನನ್ನನ್ನು ಯಾರಾದರೂ ಇಂಥ ಹುದ್ದೆಯ ಸಂದರ್ಶನಕ್ಕೆ ಕೂರಿಸಿದರೆ, ಅಭ್ಯರ್ಥಿಗೆ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಹೋದ ಅಧಿವೇಶನದಲ್ಲಿ ನೀವು ಯಾರ ಮಾತನ್ನು ಓದಿದಿರಿ? ಆಮೇಲೆ ಅವರಿಗೆ ಯಾವತ್ತು ಫೋನ್ ಮಾಡಿದಿರಿ?