ಯಾವ ಹಲ್ಲೂ ಬೀಳದೆ ಬರುವ ಹಲ್ಲು

(ಶಾಲೆಯ ಜಗಲಿ. ಬೆಂಚಿನ ಮೇಲೆ ಮಲಗಿದ ಮಗು, ಡಾಕ್ಟರ್ ಕೈಯಲ್ಲಿ ಟಾರ್ಚ್.)

ನಮಸ್ಕಾರ. ಇದು ಗೋಣಿಕೊಪ್ಪದ ಹತ್ತಿರದ ಒಂದು ಸರ್ಕಾರಿ ಶಾಲೆ. ಇವತ್ತು ಇಲ್ಲಿ ಹಲ್ಲಿನ ಶಿಬಿರ. ಎರಡನೇ ಕ್ಲಾಸಿನ ಈ ಹುಡುಗಿಯ ಕೆನ್ನೆಯನ್ನು ಪುಟ್ಟ ಕನ್ನಡಿಯಿಂದ ಸರಿಸಿ ಡಾಕ್ಟರ್ ಹಿಂದಿನ ಹಲ್ಲು ತೋರಿಸಿದರು. ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ಗುಂಡಿ.

"ಹಾಲು ಹಲ್ಲಲ್ವಾ ಡಾಕ್ಟ್ರೇ, ಬಿದ್ದು ಬೇರೆ ಬರುತ್ತೆ" ಅಂದರು ಅವಳ ಅಮ್ಮ.

"ಇದು ಬೀಳೋ ಹಲ್ಲಲ್ಲಮ್ಮಾ."

ಏಳು ವರ್ಷದ ಮಗುವಿನ ಬಾಯಿಯಲ್ಲಿ ಬೀಳದ ಹಲ್ಲು ಯಾವಾಗ ಬಂತು?

ಮೊದಲು ಬೇಗ ಬೇಗ ಹೇಳಿಬಿಡುತ್ತೇನೆ. ಹಾಲು ಹಲ್ಲು ಒಟ್ಟು 20. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಇಷ್ಟು ಸಾಕು.

ಈಗ ನೋಡಿ. ಮುಂದಿನ ಹಲ್ಲು ಬಿದ್ದರೆ ಇಡೀ ಮನೆಗೆ ಸುದ್ದಿ. ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುತ್ತೇವೆ. ಆದರೆ ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಆರನೇ ವರ್ಷದ ಸುಮಾರಿಗೆ, ಬಾಯಿಯ ನಾಲ್ಕೂ ಮೂಲೆಯಲ್ಲಿ ಒಂದೊಂದು ದವಡೆ ಹಲ್ಲು ಸುಮ್ನೆ ಎದ್ದು ಬರುತ್ತದೆ. ಕೊನೆಯ ಹಾಲು ಹಲ್ಲಿನ ಹಿಂದೆ, ಖಾಲಿ ಜಾಗದಲ್ಲಿ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಮುಂದಿನ ನಡುಗೆರೆಯಿಂದ ಹಿಂದಕ್ಕೆ ಎಣಿಸಿ. ಐದು ಹಾಲು ಹಲ್ಲಿನ ಜಾಗ, ಆರನೆಯದೇ ಇದು. ಆರನೇ ವರ್ಷಕ್ಕೆ ಆರನೇ ಹಲ್ಲು.

(ಹಲ್ಲಿನ ಮೇಲ್ಭಾಗದ ಹತ್ತಿರದ ಚಿತ್ರ.)

ಇದನ್ನು ಮೇಲಿನಿಂದ ನೋಡಿದರೆ ಥೇಟ್ ನಮ್ಮ ಕೊಡಗು! ಸುತ್ತ ಬೆಟ್ಟ, ನಡುವೆ ಕಣಿವೆ. ಬೆಟ್ಟಕ್ಕೆ ಬಿದ್ದ ಮಳೆಯೆಲ್ಲ ಹೊಳೆಗೆ ಇಳಿಯುವ ಹಾಗೆ ಬಿಸ್ಕೆಟ್ ಪುಡಿ, ಬೆಲ್ಲದ ಕಾಫಿ ಎಲ್ಲ ಈ ಗೆರೆಗಳಿಗೆ ಇಳಿಯುತ್ತದೆ. ಹೊಳೆಯಾದರೆ ಹರಿದು ಹೋಗುತ್ತದೆ. ಇದು ಅಲ್ಲೇ ನಿಲ್ಲುತ್ತದೆ. ಎಷ್ಟೋ ಗೆರೆಗಳು ಬ್ರಷ್ಷಿನ ಒಂದು ಎಳೆಯೂ ಒಳಗೆ ಹೋಗದಷ್ಟು ಕಿರಿದು. ಸಾಲದ್ದಕ್ಕೆ, ಹೊಸ ಹಲ್ಲು ಪಕ್ಕದ್ದಕ್ಕಿಂತ ತಗ್ಗಿನಲ್ಲಿರುತ್ತದೆ. ಪೂರ್ತಿ ಮೇಲೆ ಬರಲು ಎಷ್ಟೋ ತಿಂಗಳು ಬೇಕು. ಅಲ್ಲಿಯವರೆಗೆ ಬ್ರಷ್ ಅದರ ಮೇಲಿಂದ ದಾಟಿ ಹೋಗುತ್ತಿರುತ್ತದೆ.

ಹುಳುಕು ಹಿಡಿಯುವ ಮೊದಲೇ ಈ ಕಣಿವೆ ತುಂಬಿಬಿಟ್ಟರೆ? ಅದೇ ಸೀಲೆಂಟ್, ಗೆರೆಗಳನ್ನು ಮುಚ್ಚುವ ತೆಳು ಲೇಪ. ಕೊರೆಯುವುದಿಲ್ಲ, ಸೂಜಿ ಇಲ್ಲ. ಸಣ್ಣ ಗುಂಡಿ ಆಗಿದ್ದರೂ ದಾರಿಯಿದೆ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಶುರುವಾದ ಎ.ಆರ್.ಟಿ. (ಅಟ್ರಾಮ್ಯಾಟಿಕ್ ರೆಸ್ಟೊರೇಟಿವ್ ಟ್ರೀಟ್ಮೆಂಟ್) ವಿಧಾನದಲ್ಲಿ ಕೈ ಉಪಕರಣದಿಂದಲೇ ಹುಳುಕು ಕೆರೆದು, ಹಲ್ಲಿಗೆ ಅಂಟಿಕೊಳ್ಳುವ ಗ್ಲಾಸ್ ಅಯಾನೊಮರ್ ಸಿಮೆಂಟ್ ತುಂಬುತ್ತಾರೆ. ಕರೆಂಟೇ ಬೇಡ. ಮಳೆಗಾಲದಲ್ಲಿ ನಮ್ಮ ಶಾಲೆಗಳಿಗೆ ಇದಕ್ಕಿಂತ ಒಳ್ಳೇದು ಇನ್ನೇನಿದೆ?

ಇಲ್ಲಿ ನನ್ನ ಮಾತೊಂದು. ಹಲ್ಲು ಎಣಿಸಿ, ಆಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆದು, ಪೇಸ್ಟ್ ಕೊಟ್ಟು ಹೋಗುವ ಶಿಬಿರ ಸಾಲದು. ಕಾಫಿ ತೋಟದ ಲೈನ್ ಮನೆಯಲ್ಲಿರುವ ಕೂಲಿ ಅಪ್ಪ ಅಮ್ಮ ಕುಯ್ಲಿನ ದಿನಗಳಲ್ಲಿ ಆ ಚೀಟಿ ಹಿಡಿದು ವಿರಾಜಪೇಟೆಗೋ ಮಡಿಕೇರಿಗೋ ಹೋದರೆ ಒಂದು ದಿನದ ಕೂಲಿ ಹೋಯಿತು. ಹಾಡಿಯಿಂದ ಬರುವವರಿಗೆ ಬಸ್ಸೂ ಕಷ್ಟ. ಚೀಟಿ ಡಬ್ಬಿಯಲ್ಲೇ ಉಳಿಯುತ್ತದೆ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿಯವರು ಬಂದು, ಶಾಲೆಯ ಬೆಂಚಿನ ಮೇಲೆ ಆಗುವ ಕೆಲಸವನ್ನು ಶಾಲೆಯಲ್ಲೇ ಮಾಡಬೇಕು.

ಸಮಯ ಕಮ್ಮಿ, ಉಳಿದದ್ದು ಒಟ್ಟಿಗೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಆಮೇಲೆ ಬಟಾಣಿಯಷ್ಟು. ಏಳೆಂಟು ವರ್ಷದವರೆಗೆ ಹಲ್ಲುಜ್ಜಲು ದೊಡ್ಡವರ ಕೈ ಬೇಕು. ಬೆಲ್ಲದ ಕಾಫಿಯನ್ನು ಸಂಜೆಯಿಡೀ ಗುಟುಕರಿಸುವುದು ಬೇಡ. ಪ್ರತಿ ಗುಟುಕಿಗೂ ಆಮ್ಲ ಹೊಸದಾಗಿ ಶುರುವಾಗುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹಲ್ಲೂ ಸೇರಿದೆ. ಆ ತಂಡ ಶಾಲೆಗೋ ಅಂಗನವಾಡಿಗೋ ಬಂದಾಗ ಆರನೇ ಹಲ್ಲು ನೋಡಿ ಅಂತ ಕೇಳಿ.

(ಮತ್ತೆ ಅದೇ ಜಗಲಿ.)

ಆ ಹುಡುಗಿಯ ಹಲ್ಲು ತುಂಬಿದ್ದೂ ಹೀಗೇ, ಟಾರ್ಚ್ ಬೆಳಕಿನಲ್ಲಿ. ಎದ್ದು ಕೂತು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿದಳು. "ಒಂದು ಗಂಟೆ ಏನೂ ತಿನ್ನಬಾರದು ಪುಟ್ಟಾ" ಅಂದರು ಡಾಕ್ಟರ್. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಅವಳ ಮುಖ ನೋಡಿದ ಟೀಚರ್ ಒಂದು ತಟ್ಟೆಗೆ ಅನ್ನ ಸಾರು ಹಾಕಿ, ಮುಚ್ಚಿ, ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು.