ಹೊಸ್ತಿಲ ಮೇಲೆಯೇ ನಿಂತುಬಿಡುವ ಪಾತ್ರಗಳು

ನಮಸ್ಕಾರ. ಇಂದಿನ ಕಾದಂಬರಿಗಳ ಪಾತ್ರಗಳು ಆಚೆಗೂ ಹೋಗದೆ ಈಚೆಗೂ ಉಳಿಯದೆ ನಡುವೆಯೇ ನಿಂತುಬಿಡುವುದೇಕೆ ಎಂದು ಕೊಪ್ಪಳದ ವೀಕ್ಷಕರೊಬ್ಬರು ಕೇಳಿದ್ದಾರೆ. ತ್ರಿಶಂಕುವಿನ ಕಥೆ ನಿಮಗೆ ಗೊತ್ತಿರುವುದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ಮಾನವಶಾಸ್ತ್ರಜ್ಞ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ, ಬದುಕಿನ ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಸಂಸ್ಕಾರಗಳನ್ನು ಅಗಲಿಕೆ, ಹೊಸ್ತಿಲು (ಹಳೆಯದನ್ನು ಬಿಟ್ಟು ಹೊಸದನ್ನು ಇನ್ನೂ ಸೇರದ ಸ್ಥಿತಿ), ಮರುಸೇರ್ಪಡೆ ಎಂದು ಮೂರು ಹಂತಗಳಾಗಿ ವಿಂಗಡಿಸಿದರು. 1960ರ ದಶಕದಲ್ಲಿ ಇನ್ನೊಬ್ಬ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ನಡುವಿನ ಹಂತವನ್ನೇ ವಿಸ್ತರಿಸಿ ಬರೆದರು. ಸಂಸ್ಕಾರದಲ್ಲಿ ಕೈಹಿಡಿದು ದಾಟಿಸುವ ಹಿರಿಯರಿರುತ್ತಾರೆ, ದಾಟುವ ದಿನವೂ ಗೊತ್ತಾಗಿರುತ್ತದೆ. ಇಂದಿನ ಕಾದಂಬರಿ ಕಸಿದುಕೊಂಡಿರುವುದು ಇವೆರಡನ್ನೂ ಎಂಬುದು ನನ್ನ ವಾದ.

ಜಾರ್ಜ್ ಸಾಂಡರ್ಸ್ ಅವರ 2017ರ 'ಲಿಂಕನ್ ಇನ್ ದ ಬಾರ್ಡೊ' ಕಾದಂಬರಿಯನ್ನೇ ನೋಡಿ (ಬಾರ್ಡೊ ಎಂದರೆ ಟಿಬೆಟನ್ ಬೌದ್ಧರು ಹೇಳುವ, ಸಾವಿಗೂ ಮರುಹುಟ್ಟಿಗೂ ನಡುವಿನ ಸ್ಥಿತಿ). 1862ರಲ್ಲಿ ತೀರಿಕೊಂಡ, ಅಬ್ರಹಾಂ ಲಿಂಕನ್ನರ 11 ವರ್ಷದ ಮಗ ವಿಲ್ಲಿ ಸೇರುವ ಸ್ಮಶಾನದಲ್ಲಿ, ತಾವು ಸತ್ತಿದ್ದೇವೆಂಬುದನ್ನೇ ಒಪ್ಪದ ಪ್ರೇತಗಳಿವೆ. ಶವಪೆಟ್ಟಿಗೆಯನ್ನು ಅವು ರೋಗಿಯ ಪೆಟ್ಟಿಗೆ ಎಂದು ಕರೆಯುತ್ತವೆ. ಗುಣವಾದೊಡನೆ ಮನೆಗೆ ಮರಳುವೆವೆಂದು ನಂಬಿಕೊಂಡು, ಒಂದರ ಸುಳ್ಳನ್ನು ಇನ್ನೊಂದು ಬಹಳ ಮರ್ಯಾದೆಯಿಂದ ಕಾಪಾಡುತ್ತವೆ. (ನಮ್ಮ ಕೂಡುಕುಟುಂಬಗಳಿಗೂ ಈ ಕಲೆ ಚೆನ್ನಾಗಿ ಗೊತ್ತು.) ಎಲ್ಲರೂ ಸತ್ತಿದ್ದೇವೆಂದು ಕೊನೆಗೆ ಬಾಯಿಬಿಟ್ಟು ಹೇಳುವವನು ಆ ಹುಡುಗ. ಹಿರಿಯರು ಮಕ್ಕಳನ್ನು ದಾಟಿಸುವ ಸಂಸ್ಕಾರ ಇಲ್ಲಿ ತಲೆಕೆಳಗಾಗಿದೆ, ಆ ಕಾದಂಬರಿಯ ನಿಜವಾದ ಧೈರ್ಯವೂ ಇದೇ.

ಇನ್ನು ದಾಟುವ ದಿನ ಗೊತ್ತಿಲ್ಲದಿರುವ ಮಾತು. ಅದಕ್ಕೆ ನಮ್ಮ ಚರಿತ್ರೆಯಲ್ಲೇ ಉದಾಹರಣೆಯಿದೆ. 1947ರ ಆಗಸ್ಟ್ 15ರಂದು, ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೆ ಸ್ವಾತಂತ್ರ್ಯ ಬಂದಿತು. ತುಂಗಭದ್ರೆಯ ಆಚೆ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳಗಳಿಗೆ ಬರಲಿಲ್ಲ. ಮದ್ರಾಸ್, ಹೈದರಾಬಾದ್ ಸರ್ಕಾರಗಳೆರಡೂ 1945ರಲ್ಲಿ ಜಂಟಿಯಾಗಿ ಕೈಗೆತ್ತಿಕೊಂಡ ತುಂಗಭದ್ರಾ ಅಣೆಕಟ್ಟಿನ ಹೊಸಪೇಟೆಯ ತುದಿ ಸ್ವತಂತ್ರ ದೇಶದಲ್ಲಿತ್ತು, ಮುನಿರಾಬಾದಿನ ತುದಿ ಇರಲಿಲ್ಲ. ಕೊಪ್ಪಳ ಭಾಗದ ಹೋರಾಟಗಾರ ಅಳವಂಡಿ ಶಿವಮೂರ್ತಿಸ್ವಾಮಿಯವರು, ಗಡಿಯಾಚೆ ಸ್ವತಂತ್ರ ಭಾರತದಲ್ಲಿದ್ದ ಮುಂಡರಗಿಯ ಶಿಬಿರದಿಂದ ನಿಜಾಮನ ವಿರುದ್ಧ ಹೋರಾಟ ನಡೆಸಿದರು. 1948ರ ಸೆಪ್ಟೆಂಬರ್ 17ರಂದು ಸ್ವಾತಂತ್ರ್ಯಕ್ಕಾಗಿನ ಆ ಕಾಯುವಿಕೆ ಮುಗಿದದ್ದರಿಂದ ನಾವು ಇಂದು 13 ತಿಂಗಳು ಎಂದು ಲೆಕ್ಕ ಹೇಳುತ್ತೇವೆ. ಅದರೊಳಗೆ ಬದುಕಿದವರ ಬಳಿ ಆ ಲೆಕ್ಕವಿರಲಿಲ್ಲ. ಕಾದಂಬರಿಕಾರರಿಗೆ ಬೇಕಾಗಿರುವುದು ಈ ತಿಳಿಯದಿರುವಿಕೆಯೇ.

ಸಮಯ ಮುಗಿಯುತ್ತಿರುವುದರಿಂದ ಉಳಿದವನ್ನು ಒಟ್ಟಿಗೆ ಹೇಳುತ್ತೇನೆ. ಮೊಹ್ಸಿನ್ ಹಮೀದ್ ಅವರ 'ಎಕ್ಸಿಟ್ ವೆಸ್ಟ್'ನಲ್ಲಿ ಮಾಯಾ ಬಾಗಿಲುಗಳು ವಲಸಿಗರನ್ನು ಕ್ಷಣದಲ್ಲಿ ದಾಟಿಸುತ್ತವೆ, ಆದರೆ ದಾಟಿದ ಮೇಲೂ ಅವರು ಹೊಸ ನೆಲದವರಾಗುವುದಿಲ್ಲ. 2022ರಲ್ಲಿ ಬುಕರ್ ಪ್ರಶಸ್ತಿ ಪಡೆದ, ಶೆಹಾನ್ ಕರುಣಾತಿಲಕ ಅವರ 'ದ ಸೆವೆನ್ ಮೂನ್ಸ್ ಆಫ್ ಮಾಲಿ ಅಲ್ಮೇಡಾ' ಕಾದಂಬರಿಯಲ್ಲಿ, ಸತ್ತ ಛಾಯಾಗ್ರಾಹಕ ಮಾಲಿ ಪರಲೋಕದ ಕಚೇರಿಯೊಂದರ ನೂಕುನುಗ್ಗಲಿನಲ್ಲಿ ಕಣ್ಣುಬಿಡುತ್ತಾನೆ. ಅದು ನನಗೆ ಇಷ್ಟವಾದರೂ ಹೊಸ್ತಿಲ ಕಥೆಯಾಗಿ ಸ್ವಲ್ಪ ಸಡಿಲವೆನಿಸುತ್ತದೆ, ಏಕೆಂದರೆ ಮಾಲಿಗೆ ಏಳು ರಾತ್ರಿಗಳ ಗಡುವನ್ನು ಮೊದಲೇ ತಿಳಿಸಿರುತ್ತಾರೆ.